ಕಹಳೆ ಕಟ್ಟಿದವರು: ದೊಡ್ಡ ಸ್ಪೀಕರಿನ ಕಥೆ

ಭಾಗ 1

ಜಾತ್ರೆಯ ಕಂಬ, ಮದುವೆ ಚಪ್ಪರ, ಎಲೆಕ್ಷನ್ ಪ್ರಚಾರದ ಆಟೋ. ಇವುಗಳ ಮೇಲೆ ಕಟ್ಟಿರೋ ಬೂದು ಬಣ್ಣದ ಅಲ್ಯೂಮಿನಿಯಂ ಹೂವನ್ನ ನೀವೆಲ್ಲ ನೋಡಿದ್ದೀರಿ. ನಾವು ಅದಕ್ಕೆ ‘ಮೈಕ್’ ಅಂತೀವಿ. ನಿಜವಾದ ಮೈಕ್ ಮಾತಾಡೋರ ಕೈಯಲ್ಲಿರುತ್ತೆ. ಕಂಬದ ಮೇಲಿರೋದು ಹಾರ್ನ್ ಲೌಡ್‌ಸ್ಪೀಕರ್. ಕಿರಿದಾದ ಗಂಟಲು, ಅಗಲವಾದ ಬಾಯಿ, ಒಳಗೆ ಪುಟ್ಟದೊಂದು ಯಂತ್ರ. ಊರಾಚೆ ಗದ್ದೆಯಲ್ಲಿ ಕೆಲಸ ಮಾಡೋರಿಗೂ ಭಜನೆ ಕೇಳಿಸುತ್ತೆ. ಆದರೆ ಯಾರು ಹಾಡಿದರೂ ಮೂಗು ಹಿಡಿದುಕೊಂಡು ಹಾಡಿದ ಹಾಗೇ ಇರುತ್ತೆ. ಮೃದಂಗದ ತೊಪ್ಪಿ ದಾರಿಯಲ್ಲೇ ಎಲ್ಲೋ ಕಳೆದುಹೋಗಿರುತ್ತೆ.

ಈಗ ಎರಡನೇ ಫೋಟೋಗೆ ಸ್ವೈಪ್ ಮಾಡಿ. ಒಂದು ಮನೆಯ ಹಾಲ್. ಗೋಡೆಗೆ ಒತ್ತಿ ನಿಲ್ಲಿಸಿದ, ಆಳೆತ್ತರದ ಮರದ ಕಹಳೆಗಳು. ಪದರ ಪದರವಾಗಿ ಅಂಟಿಸಿ, ಉಜ್ಜಿ, ಎಣ್ಣೆ ಹಚ್ಚಿದ ಮರ. ಜಗತ್ತಿನ ಆಡಿಯೋ ಹುಚ್ಚರು ರಾತ್ರಿ ಕನಸು ಕಾಣೋದು ಇಂಥದ್ದನ್ನೇ.

ಇವೆರಡೂ ಒಂದೇ ವಂಶ. ಒಂದು ಯಾಕೆ ತಗಡಿನ ಥರ ಕಿರುಚುತ್ತೆ, ಇನ್ನೊಂದು ಯಾಕೆ ಕನಸಾಯ್ತು? ವ್ಯತ್ಯಾಸ ಇರೋದು ಮರದಲ್ಲೋ ಬೆಲೆಯಲ್ಲೋ ಅಂತ ಅಂದ್ಕೊಂಡ್ರೆ ತಪ್ಪು. ವ್ಯತ್ಯಾಸ ಇರೋದು ಅಳತೆಯಲ್ಲಿ. ಆ ಅಳತೆಗಾಗಿ ಕೆಲವರು ಗೋಡೆ ಒಡೆದಿದ್ದಾರೆ, ಕೆಲವರು ಕಂಪನಿ ಕಳೆದುಕೊಂಡಿದ್ದಾರೆ. ಈ ಸರಣಿ ಅವರ ಬಗ್ಗೆ.

ಭಾಗ 2

ಮೊದಲು ಸ್ವಲ್ಪ ಫಿಸಿಕ್ಸ್. ಓಡಿ ಹೋಗಬೇಡಿ, ಪರೀಕ್ಷೆಗೆ ಬರಲ್ಲ.

ಗಾಳಿ ತುಂಬಾ ಹಗುರ. ಸ್ಪೀಕರಿನ ಕೋನ್ ಅದರ ಎದುರಿಗೆ ಭಾರ. ಕೋನ್ ಹಿಂದೆ ಮುಂದೆ ಎಷ್ಟು ತಳ್ಳಿದರೂ ಎದುರಿಗೆ ಹಿಡಿತ ಸಿಗೋದಿಲ್ಲ. ಗಾಳಿಗೆ ಗುದ್ದಿ ಕೈ ನೋಯಿಸಿಕೊಂಡ ಹಾಗೆ. ಮನೆಯಲ್ಲಿರೋ ಸಾಮಾನ್ಯ ಡಬ್ಬದ ಸ್ಪೀಕರಿಗೆ ನೀವು ಕೊಡೋ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಸದ್ದಾಗುತ್ತೆ. ಉಳಿದ 99 ಪಾಲು ಬಿಸಿಯಾಗಿ ಹೋಗುತ್ತೆ. ಸ್ಪೀಕರ್ ಅಂದ್ರೆ ನಿಜಕ್ಕೂ ಒಂದು ಸಣ್ಣ ಹೀಟರ್, ಜೊತೆಗೆ ಸ್ವಲ್ಪ ಹಾಡುತ್ತೆ ಅಷ್ಟೇ.

ದೂರದಲ್ಲಿರೋರನ್ನ ಕೂಗಬೇಕಾದ್ರೆ ನೀವೇನ್ ಮಾಡ್ತೀರಿ? ಎರಡೂ ಅಂಗೈ ಬಾಯಿಗೆ ಅಡ್ಡ ಹಿಡಿದು ಕೊಳವೆ ಮಾಡ್ತೀರಿ. ಕಹಳೆ, ಕೊಂಬು, ನಾದಸ್ವರದ ತುದಿಯ ಗಂಟೆಯಾಕಾರ, ಎಲ್ಲದರ ಹಿಂದಿರೋದೂ ಅದೇ ಬುದ್ಧಿ. ಕಿರಿದಾದ ಗಂಟಲಲ್ಲಿ ಗಾಳಿಗೆ ಹೊರಗೆ ಜಾರೋಕೆ ಜಾಗ ಇಲ್ಲ, ಹಾಗಾಗಿ ಅದು ಒತ್ತಡವನ್ನ ಹಿಡಿದುಕೊಳ್ಳುತ್ತೆ. ಆಮೇಲೆ ದಾರಿ ಮೆಲ್ಲಗೆ ಅಗಲವಾಗ್ತಾ ಹೋಗಿ, ಆ ಒತ್ತಡ ಕೊನೆಗೆ ದೊಡ್ಡ ಬಾಯಿಂದ ಕೋಣೆಯ ಗಾಳಿಗೆ ಸೇರುತ್ತೆ. ಹಳೇ ಗ್ರಾಮಫೋನಿಗೆ ಕರೆಂಟೇ ಇರಲಿಲ್ಲ. ಒಂದು ಮುಳ್ಳಿನ ಅಲುಗಾಟವನ್ನ ಇಡೀ ಮನೆಗೆ ಕೇಳಿಸಿದ್ದು ಬರೀ ಆ ಕೊಳವೆ.

ಗ್ರಾಮಫೋನ್ ಕೊಳವೆಯನ್ನ ಮೊದಲು ಕರೆಂಟಿಗೆ ಜೋಡಿಸಿ ಹೆಸರು ಮಾಡಿದವರು ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಡ್ಹಮ್. ಜೆನ್ಸೆನ್ ಡೆನ್ಮಾರ್ಕಿನಿಂದ ಬಂದವನು. ಇಬ್ಬರೂ ಕ್ಯಾಲಿಫೋರ್ನಿಯಾದ ನಾಪಾ ಅನ್ನೋ ಊರಿನ ಒಂದು ಮನೆಯಲ್ಲಿ ಟೆಲಿಫೋನ್ ಸುಧಾರಿಸೋಕೆ ಹೊರಟಿದ್ರು. ಕಿವಿಗಿಟ್ಟರೆ ಚೆನ್ನಾಗಿ ಕೇಳುತ್ತಿದ್ದ ಆ ಯಂತ್ರಕ್ಕೆ ಗ್ರಾಮಫೋನಿನ ಕೊಳವೆ ಸಿಕ್ಕಿಸಿದಾಗ ಊರಿಗೆಲ್ಲ ಕೇಳಿಸ್ತು. 1915ರ ಕ್ರಿಸ್ಮಸ್‌ನ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಹಾಲ್ ಮುಂದೆ ಭಾರಿ ಜನರ ಎದುರು ಅದನ್ನ ಹಾಡಿಸಿದ್ರು. ಹೆಸರು ಮ್ಯಾಗ್ನವಾಕ್ಸ್, ಲ್ಯಾಟಿನ್ನಿನಲ್ಲಿ ‘ದೊಡ್ಡ ದನಿ’. 1919ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದ ಸ್ಟೇಡಿಯಂನಲ್ಲಿ ಗಾಜಿನ ಗೂಡಿನೊಳಗೆ ನಿಂತು ಮಾತಾಡಿದ. ಸಾವಿರಾರು ಜನ ಕೇಳಿದ್ರು. ರಾಜಕಾರಣಿಗೆ ಲೌಡ್‌ಸ್ಪೀಕರ್ ಸಿಕ್ಕಿದ್ದು ಹೀಗೆ. ಆಮೇಲೆ ಏನಾಯ್ತು ಅಂತ ಪ್ರತಿ ಎಲೆಕ್ಷನ್ನಲ್ಲೂ ನಿಮ್ಮ ಕಿವಿಗೇ ಗೊತ್ತಾಗುತ್ತೆ.

ಭಾಗ 3

ಮಾತು ಕೇಳಿದರೆ ಸಾಕು ಅನ್ನೋವರೆಗೆ ಸಣ್ಣ ಕೊಳವೆ ನಡೀತು. ಸಿನಿಮಾ ಬಾಯಿ ಬಿಟ್ಟಾಗ ಸಾಲದೇ ಹೋಯ್ತು.

1926ರ ಆಗಸ್ಟ್ 6ರಂದು ನ್ಯೂಯಾರ್ಕಿನಲ್ಲಿ ವಾರ್ನರ್ ಬ್ರದರ್ಸ್‌ನವರು ‘ಡಾನ್ ಹುವಾನ್’ ಚಿತ್ರವನ್ನ ರೆಕಾರ್ಡ್ ಮಾಡಿದ ಸಂಗೀತದ ಜೊತೆ ತೋರಿಸಿದ್ರು. ಮಾರನೇ ವರ್ಷ ‘ದ ಜಾಝ್ ಸಿಂಗರ್’. ಈ ವ್ಯವಸ್ಥೆಯ ಹಿಂದೆ ಇದ್ದದ್ದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ. ಸಾವಿರಾರು ಸೀಟಿನ ಹಾಲ್, ಅದಕ್ಕೆ ಬೇಕಾಗಿದ್ದು ಇಡೀ ಆರ್ಕೆಸ್ಟ್ರಾದ ಸದ್ದು. ಆದರೆ ಆ ಕಾಲದ ವಾಲ್ವ್ ಆಂಪ್ಲಿಫೈಯರುಗಳಿಂದ ಸಿಗುತ್ತಿದ್ದದ್ದು ಹೆಚ್ಚೆಂದರೆ ಹತ್ತಾರು ವ್ಯಾಟ್. ನಿಮ್ಮ ಬ್ಯಾಗಿನಲ್ಲಿರೋ ಬ್ಲೂಟೂತ್ ಸ್ಪೀಕರಿಗೆ ಇವತ್ತು ಅಷ್ಟು ಶಕ್ತಿ ಇರುತ್ತೆ. ಅಷ್ಟರಲ್ಲಿ ಒಂದು ಥಿಯೇಟರ್ ತುಂಬಿಸಬೇಕು. ಹೇಗೆ?

ಬೆಲ್ ಲ್ಯಾಬ್ಸ್‌ನ ವೆಂಟೆ ಮತ್ತು ಥುರಾಸ್ ಅನ್ನೋ ಇಬ್ಬರು 555 ಅನ್ನೋ ಡ್ರೈವರ್ ಮಾಡಿದ್ರು. ಡ್ರೈವರ್ ಅಂದ್ರೆ ಹಾರ್ನಿನ ಗಂಟಲಲ್ಲಿ ಕೂರೋ ಯಂತ್ರ. ಸರಿಯಾದ ಹಾರ್ನಿಗೆ ಸಿಕ್ಕಿಸಿದರೆ ಅದು ವಿದ್ಯುತ್ತಿನ ಕಾಲು ಭಾಗಕ್ಕೂ ಹೆಚ್ಚನ್ನ ಸದ್ದಾಗಿ ಬದಲಾಯಿಸುತ್ತಿತ್ತು. ನೂರಕ್ಕೆ ಒಂದು ಎಲ್ಲಿ, ಇಪ್ಪತ್ತೈದು ಎಲ್ಲಿ! ಅದಕ್ಕೆ ಹೊಂದುವ ಹಾರ್ನ್ ಮಾತ್ರ ದೈತ್ಯ. 15ಎ ಅನ್ನೋ ಹೆಸರಿನದು ಮರದ್ದು. ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ, ಬಿಚ್ಚಿದರೆ ಇಬ್ಬರು ಆಳುದ್ದಕ್ಕೂ ಹೆಚ್ಚಾಗುವ ಕೊಳವೆ. ಬಾಯಿ ನಾಲ್ಕು ಅಡಿಗಿಂತ ಅಗಲ. ಬಡಗಿಗಳು ತೆಳು ಮರವನ್ನ ಬಗ್ಗಿಸಿ, ಪಟ್ಟಿ ಹೊಡೆದು ಕಟ್ಟಿದ್ದು. ಪರದೆಯ ಹಿಂದೆ ಇರುತ್ತಿದ್ದರಿಂದ ನೋಡಿದ ಪ್ರೇಕ್ಷಕರೇ ಇಲ್ಲ. ಇವತ್ತು ಸಂಗ್ರಹಕಾರರು ಮುಗಿಬೀಳೋ ವಸ್ತು ಅವತ್ತು ಪರದೆ ಹಿಂದಿನ ಕೂಲಿ.

ನೆನಪಿಡಿ: ಹಾರ್ನ್ ಹುಟ್ಟಿದ್ದು ಶೋಕಿಗಲ್ಲ. ವ್ಯಾಟ್ ಇಲ್ಲದ ಬಡತನಕ್ಕೆ. ಆಂಪ್ಲಿಫೈಯರ್ ಕೊಡಲಾರದ್ದನ್ನ ಬಡಗಿ ಕೊಟ್ಟ.

(ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆ ಕಂಡಿದ್ದು 1934ರ ಮಾರ್ಚ್ 3ರಂದು, ಇದೇ ವಾಲ್ವ್ ಮತ್ತು ಹಾರ್ನ್‌ಗಳ ಕಾಲದಲ್ಲಿ.)

ಭಾಗ 4

ಹಾಗಾದರೆ ಹಾರ್ನ್ ಇಷ್ಟು ದೊಡ್ಡದು ಯಾಕಿರಬೇಕು? ಮಿನಿ ಮಾಡಬಹುದಲ್ವಾ? ಎಲ್ಲರೂ ಕೇಳೋ ಪ್ರಶ್ನೆ ಇದು. ಉತ್ತರ: ಗಾಳಿ ರಿಯಾಯಿತಿ ಕೊಡಲ್ಲ.

ಕ್ಯಾಲ್ಕ್ಯುಲೇಟರ್ ತೆಗೀರಿ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 40 ಹರ್ಟ್ಸ್ ಅಂದ್ರೆ ಎದೆಗೆ ತಾಗೋ ಆಳದ ಬೇಸ್. 343ನ್ನ 40ರಿಂದ ಭಾಗಿಸಿ: ಒಂದು ಅಲೆಯ ಉದ್ದ 8.6 ಮೀಟರ್. ಹಾರ್ನ್ ಆ ಅಲೆಯನ್ನ ಸಲೀಸಾಗಿ ಹೊರಗೆ ಬಿಡಬೇಕಾದ್ರೆ ಅದರ ಬಾಯಿಯ ಸುತ್ತಳತೆ ಸುಮಾರು ಒಂದು ಅಲೆಯಷ್ಟು ಇರಬೇಕು. ಅಂದ್ರೆ ಬಾಯಿಯ ಅಗಲ 2.7 ಮೀಟರ್. ಇನ್ನು ಉದ್ದ. ಒಳ್ಳೇ ಹಾರ್ನಿನಲ್ಲಿ ಸಮಾನ ದೂರಕ್ಕೊಮ್ಮೆ ವಿಸ್ತೀರ್ಣ ಎರಡರಷ್ಟಾಗುತ್ತಾ ಹೋಗುತ್ತೆ. ಇದೇ ಎಕ್ಸ್‌ಪೊನೆನ್ಷಿಯಲ್ ಹಾರ್ನ್. 40 ಹರ್ಟ್ಸ್‌ಗೆ ಆ ದೂರ ಸುಮಾರು 47 ಸೆಂಟಿಮೀಟರ್. ಎರಡೂವರೆ ಸೆಂಟಿಮೀಟರ್ ಗಂಟಲಿನಿಂದ ಶುರುಮಾಡಿ ಆ ಬಾಯಿ ಮುಟ್ಟೋಕೆ ಆರೂವರೆ ಮೀಟರ್ ಹತ್ತಿರ ಬೇಕು. ನಿಮ್ಮ ಹಾಸ್ಟೆಲ್ ರೂಮಿನಲ್ಲಿ ಹಿಡಿಸಲ್ಲ. ರೂಮೇ ಅದರೊಳಗೆ ಹಿಡಿಸುತ್ತೆ.

ಜಾತ್ರೆಯ ಹಾರ್ನ್ ಯಾಕೆ ಕಿರುಚುತ್ತೆ ಅಂತ ಈಗ ಗೊತ್ತಾಯ್ತಲ್ವಾ? ಅದನ್ನ ಮಾತು ದೂರ ಹೋಗಲಿ ಅಂತ ಮಾಡಿರೋದು. ಬೇಸಿಗೆ ಬೇಕಾದ ಉದ್ದವೂ ಇಲ್ಲ, ಬಾಯಿಯೂ ಇಲ್ಲ. ಬೈಯಬೇಡಿ ಅದನ್ನ, ಕೊಟ್ಟ ಕೆಲಸ ಅದು ಸರಿಯಾಗೇ ಮಾಡ್ತಿದೆ.

ಈ ಲೆಕ್ಕಕ್ಕೆ ಹೆದರದೆ ಪೂರ್ತಿ ಕಟ್ಟಿಯೇ ಬಿಟ್ಟವನೊಬ್ಬ ಇದ್ದ. ಲಂಡನ್ನಿನ ಸೈನ್ಸ್ ಮ್ಯೂಸಿಯಂನ ಕ್ಯುರೇಟರ್ ರೋಡರಿಕ್ ಡೆನ್ಮನ್. 1929–30ರಲ್ಲಿ ಅವನು ಮಾಡಿಸಿದ ಹಾರ್ನಿನ ಉದ್ದ 27 ಅಡಿ. ಬಾಯಿ 7 ಅಡಿಗೂ ಸ್ವಲ್ಪ ಹೆಚ್ಚಿನ ಚೌಕ. 32 ಹರ್ಟ್ಸ್‌ವರೆಗೆ ಇಳಿಯಲಿ ಅಂತ. (ಮೇಲಿನ ಲೆಕ್ಕದಲ್ಲಿ 40ರ ಬದಲು 32 ಹಾಕಿ ನೋಡಿ, ಉದ್ದದಲ್ಲಿ ಹೆಚ್ಚುಕಡಿಮೆ ಅವನ ಅಳತೆಗೇ ಬರ್ತೀರಿ. ನನಗೆ ಇದು ಇಡೀ ಸರಣಿಯಲ್ಲೇ ಖುಷಿ ಕೊಟ್ಟ ವಿಷಯ.) ಗಂಟಲಲ್ಲಿ ಅದೇ ವೆಸ್ಟರ್ನ್ ಎಲೆಕ್ಟ್ರಿಕ್ ಡ್ರೈವರ್.

ಡೆನ್ಮನ್ ಮಾಡಿದ ದೊಡ್ಡ ಕೆಲಸ ಹಾರ್ನ್ ಕಟ್ಟಿದ್ದಲ್ಲ, ಅದನ್ನ ಎಲ್ಲಿಟ್ಟ ಅನ್ನೋದು. 1930ರ ದಶಕದಲ್ಲಿ ಮ್ಯೂಸಿಯಂಗೆ ಬಂದವರೆಲ್ಲ ಅಲ್ಲಿ ಕೂತು ಬಿಬಿಸಿ ರೇಡಿಯೋ ಕೇಳಬಹುದಿತ್ತು. ಆ ಹೊತ್ತಿಗೆ ಸಿಗುತ್ತಿದ್ದ ಅತ್ಯುತ್ತಮ ಸದ್ದು, ಯಾರ ಮನೆಯಲ್ಲೂ ಇಲ್ಲದ್ದು, ಎಲ್ಲರಿಗೂ.

1949ರಲ್ಲಿ ಕಟ್ಟಡದ ಭಾಗ ಒಡೆಯುವಾಗ ಹಾರ್ನ್ ಸರಿಪಡಿಸಲಾಗದಷ್ಟು ಹಾಳಾಯ್ತು. ಯುದ್ಧದ ಬಾಂಬುಗಳಿಂದ ಉಳಿದದ್ದು ಕಟ್ಟಡ ಕೆಲಸಕ್ಕೆ ಸಿಕ್ಕಿ ಹೋಯ್ತು. 9 ಅಡಿ ತುಂಡೊಂದು ಮಾತ್ರ ಉಳೀತು. ಆ ತುಂಡನ್ನ ಇಟ್ಟುಕೊಂಡು, ಅಲೆಕ್ಸ್ ಕೊಲ್ಕೋವ್ಸ್ಕಿ ಅನ್ನೋ ಧ್ವನಿ ಕಲಾವಿದ ಮತ್ತು ಮ್ಯೂಸಿಯಂನ ವರ್ಕ್‌ಶಾಪ್‌ನವರು ಇಡೀ ಹಾರ್ನನ್ನ ಮತ್ತೆ ಕಟ್ಟಿ 2014ರಲ್ಲಿ ಜನರಿಗೆ ಕೇಳಿಸಿದ್ರು.

ಭಾಗ 5

ಮತ್ತೆ ಅಮೆರಿಕ. ಈ ಸಲ ಒಂದು ಡ್ಯಾನ್ಸಿನ ಕಥೆ.

ಒಂದೇ ಹಾರ್ನಿನಿಂದ ಬೇಸೂ ಟ್ರೆಬಲ್ಲೂ ಚೆನ್ನಾಗಿ ಬರಲ್ಲ ಅಂತ ಬೆಲ್ ಲ್ಯಾಬ್ಸ್‌ನವರು ಕೆಲಸ ಹಂಚಿದ್ರು: ಕೆಳಗಿನ ಸ್ವರಕ್ಕೊಂದು ಮಡಚಿದ ದೊಡ್ಡ ಹಾರ್ನ್, ಮೇಲಿನ ಸ್ವರಕ್ಕೊಂದು ಚಿಕ್ಕದು. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸಿದ ಆರ್ಕೆಸ್ಟ್ರಾವನ್ನ ತಂತಿಯ ಮೂಲಕ ವಾಷಿಂಗ್ಟನ್ನಿನ ಹಾಲಿನಲ್ಲಿ ಇಂಥ ಹಾರ್ನ್‌ಗಳಿಂದ ಕೇಳಿಸಿದ್ರು. ಮೂರು ಚಾನೆಲ್. ವೇದಿಕೆ ಮೇಲೆ ಒಬ್ಬ ವಾದಕನೂ ಇಲ್ಲ.

ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋದವರು ಇಂಥದ್ದನ್ನ ಪರೀಕ್ಷೆ ಮಾಡ್ತಾ ಒಂದು ಟ್ಯಾಪ್ ಡ್ಯಾನ್ಸ್ ದೃಶ್ಯ ಹಾಕಿದ್ರು. ಷೂ ನೆಲಕ್ಕೆ ಬಡಿದಾಗ ‘ಟಕ್’ ಅನ್ನೋ ಬದಲು ‘ಟಟಕ್’ ಅಂತ ಎರಡೆರಡು ಸದ್ದು! ಯಾಕೆ ಗೊತ್ತಾ? ಬೇಸ್ ಹಾರ್ನಿನ ಮಡಚಿದ ದಾರಿ ಅಷ್ಟು ಉದ್ದ ಇದ್ದದ್ದರಿಂದ ಅದರ ಸದ್ದು ಚಿಕ್ಕ ಹಾರ್ನಿನ ಸದ್ದಿಗಿಂತ ತಡವಾಗಿ ಬರ್ತಿತ್ತು. ಎಂಜಿನಿಯರ್ ಜಾನ್ ಹಿಲಿಯರ್ಡ್ ಮತ್ತು ಜೊತೆಗಾರರು ಬೇಸ್ ಹಾರ್ನ್ ಗಿಡ್ಡ ಮಾಡಿ, ಎರಡರ ದೂರ ಹೊಂದಿಸಿ ಹೊಸದು ಕಟ್ಟಿದ್ರು. ಸ್ಟುಡಿಯೋದ ಧ್ವನಿ ಮುಖ್ಯಸ್ಥ ಡಗ್ಲಸ್ ಶೀರರ್ ಹೆಸರಲ್ಲಿ ಅದು ‘ಶೀರರ್ ಹಾರ್ನ್’ ಆಯ್ತು, ಆಸ್ಕರ್‌ನ ತಾಂತ್ರಿಕ ಪ್ರಶಸ್ತಿ ಪಡೀತು. ಡ್ಯಾನ್ಸರಿನ ಷೂ ಕಂಡುಹಿಡಿದ ದೋಷ ಅದು.

ಆ ಹಾರ್ನಿನ ಡ್ರೈವರುಗಳನ್ನ ಮಾಡಿಕೊಟ್ಟವನ ಹೆಸರು ನಿಮ್ಮೆಲ್ಲರಿಗೂ ಗೊತ್ತು, ಗೊತ್ತಿದೆ ಅಂತ ಗೊತ್ತಿಲ್ಲ ಅಷ್ಟೇ. ಹುಟ್ಟಿದ್ದು 1902ರಲ್ಲಿ, ಜೇಮ್ಸ್ ಮಾರ್ಟಿನಿ ಅಂತ. ಆಮೇಲೆ ಜೇಮ್ಸ್ ಬುಲ್ಲೋ ಲ್ಯಾನ್ಸಿಂಗ್ ಅಂತ ಹೆಸರು ಬದಲಾಯಿಸಿಕೊಂಡ. ಮೊದಲ ಅಕ್ಷರಗಳನ್ನ ಜೋಡಿಸಿ: ಜೆಬಿಎಲ್. ಹೌದು, ನಿಮ್ಮ ಟ್ರಿಪ್ಪಿಗೆ ತಗೊಂಡು ಹೋಗೋ ಆ ಸ್ಪೀಕರ್ ಮೇಲೆ ಬರೆದಿರೋದು ಈ ಮನುಷ್ಯನ ಹೆಸರು.

ಲ್ಯಾನ್ಸಿಂಗ್ ಕೈಕೆಲಸದಲ್ಲಿ ಮಾಂತ್ರಿಕ, ದುಡ್ಡಿನ ವಿಷಯದಲ್ಲಿ ಅಷ್ಟೇ ಸೋತವನು. ವ್ಯವಹಾರ ನೋಡಿಕೊಳ್ಳುತ್ತಿದ್ದ ಪಾಲುದಾರ ಕೆನ್ ಡೆಕರ್ 1939ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಕಂಪನಿ ಕುಸೀತು, 1941ರಲ್ಲಿ ಅಲ್ಟೆಕ್ ಅನ್ನೋ ಸಂಸ್ಥೆ ಕೊಂಡುಕೊಳ್ತು. ಅಲ್ಲಿದ್ದು ಅವನೂ ಹಿಲಿಯರ್ಡೂ ಕೆಲಸ ಮಾಡಿದ ‘ವಾಯ್ಸ್ ಆಫ್ ದ ಥಿಯೇಟರ್’ ಸಾಲಿನ ಸ್ಪೀಕರುಗಳು ಮುಂದೆ ಎಷ್ಟೋ ವರ್ಷ ಜಗತ್ತಿನ ಸಿನಿಮಾ ಪರದೆಗಳ ಹಿಂದೆ ನಿಂತವು. 1946ರಲ್ಲಿ ಹೊರಬಂದು ಮತ್ತೆ ಸ್ವಂತ ಕಂಪನಿ ಶುರುಮಾಡಿದ. ಸಾಲ ಬೆಳೀತು. 1949ರ ಸೆಪ್ಟೆಂಬರಿನಲ್ಲಿ ತನ್ನ ಜೀವವನ್ನ ತಾನೇ ಕೊನೆಗೊಳಿಸಿಕೊಂಡ. ಅವನ ವಿಮೆಯ ಹಣ ಕಂಪನಿಗೆ ಉಸಿರು ಕೊಡ್ತು. ಜೆಬಿಎಲ್ ದೊಡ್ಡ ಹೆಸರಾಗಿದ್ದು ಆಮೇಲೆ.

ಜಾಹೀರಾತುಗಳಲ್ಲಿ ಈ ಭಾಗ ಇರಲ್ಲ. ಅದಕ್ಕೇ ಇಲ್ಲಿ ಬರೆದೆ.

ಭಾಗ 6

ಥಿಯೇಟರಿನ ದೈತ್ಯನನ್ನ ಮನೆಯೊಳಗೆ ತರೋದು ಹೇಗೆ? ಇಂಗ್ಲೆಂಡಿನಲ್ಲಿ ಪಾಲ್ ವಾಯ್ಟ್ 1930ರ ದಶಕದಲ್ಲೇ ಕೋಣೆಯ ಮೂಲೆಗೆ ನಿಲ್ಲಿಸೋ ಹಾರ್ನ್ ಮಾಡಿದ್ದ. ಹಾರ್ನಿಗೆ ‘ಟ್ರಾಕ್ಟ್ರಿಕ್ಸ್’ ಅನ್ನೋ ವಕ್ರರೇಖೆ ತಂದವನೂ ಅವನೇ. ಹೆಸರು ನೆನಪಿಡಿ, ಕೊನೇ ಭಾಗದಲ್ಲಿ ಬರುತ್ತೆ. ಆದರೆ ಮೂಲೆಯನ್ನ ಪೂರ್ತಿ ದುಡಿಸಿಕೊಂಡವನು ಪಾಲ್ ಕ್ಲಿಪ್ಷ್.

ಕ್ಲಿಪ್ಷ್ 1904ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿದವನು. ಚಿಲಿ ದೇಶದಲ್ಲಿ ರೈಲು ಎಂಜಿನ್‌ಗಳನ್ನ ನೋಡಿಕೊಂಡ, ಆಮೇಲೆ ಭೂಗರ್ಭ ಸಮೀಕ್ಷೆ ಮಾಡಿದ, ಎರಡನೇ ಮಹಾಯುದ್ಧದಲ್ಲಿ ಸೇನೆಯ ಕೆಲಸದ ಮೇಲೆ ಅರ್ಕಾನ್ಸಾಸಿನ ಹೋಪ್ ಅನ್ನೋ ಸಣ್ಣ ಊರಿಗೆ ಬಂದ. (ಬಿಲ್ ಕ್ಲಿಂಟನ್ ಹುಟ್ಟಿದ ಊರು. ಕ್ಲಿಪ್ಷ್ ಕಂಪನಿಯೂ ಕ್ಲಿಂಟನ್ನೂ ಇಬ್ಬರೂ 1946ರ ಕೂಸುಗಳು.)

ಅವನ ಉಪಾಯ ಕೇಳಿ. ಖಾಲಿ ಮೈದಾನದಲ್ಲಿ ಇಟ್ಟ ಹಾರ್ನಿಗೆ ಪೂರ್ತಿ ಬಾಯಿ ಬೇಕು. ಅದನ್ನೇ ನೆಲಕ್ಕಿಟ್ಟರೆ ಅರ್ಧ ಸಾಕು, ಯಾಕಂದ್ರೆ ನೆಲ ಕನ್ನಡಿಯ ಹಾಗೆ ಕೆಲಸ ಮಾಡುತ್ತೆ. ಗೋಡೆಗೆ ಒತ್ತಿದರೆ ಅದರಲ್ಲೂ ಅರ್ಧ. ಎರಡು ಗೋಡೆ ಸೇರೋ ಮೂಲೆಗೆ ಇಟ್ಟರೆ ಅದರ ಅರ್ಧ. ಒಟ್ಟು ಎಂಟನೇ ಒಂದು ಭಾಗ! ಇನ್ನು ಉಳಿದ ಕೊಳವೆಯನ್ನ ಪ್ಲೈವುಡ್ ಪೆಟ್ಟಿಗೆಯೊಳಗೆ ಮಡಚಿ ಮಡಚಿ ತುಂಬಿದ. ಹಾರ್ನಿನ ಕೊನೆಯ ಭಾಗ ಪೆಟ್ಟಿಗೆಯಲ್ಲೇ ಇಲ್ಲ, ನಿಮ್ಮ ಮನೆ ಗೋಡೆಗಳೇ ಆ ಕೊನೆಯ ಭಾಗ. ಅಂದ್ರೆ ನೀವು ಸ್ಪೀಕರಿನ ಒಳಗೇ ಕೂತು ಹಾಡು ಕೇಳ್ತೀರಿ. ಪೇಟೆಂಟ್ ಸಿಕ್ಕಿದ್ದು 1943ರಲ್ಲಿ. ಹೆಸರು ಕ್ಲಿಪ್ಷ್‌ಹಾರ್ನ್.

ಮೊದಲಿಗೆ ಒಬ್ಬನೇ ಶೆಡ್ಡಿನಲ್ಲಿ ಕೂತು ಮಾಡುತ್ತಿದ್ದ. ಪ್ರತಿಯೊಂದೂ ಬಡಗಿ ಕೆಲಸ: ಒಳಗಿನ ಓರೆ ಹಲಗೆಗಳು ಒಂದಕ್ಕೊಂದು ಗಾಳಿ ಸೋರದ ಹಾಗೆ ಕೂರಬೇಕು. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 105 ಡೆಸಿಬೆಲ್. ಸಾಧಾರಣ ಮನೆ ಸ್ಪೀಕರ್ 87ರ ಆಸುಪಾಸು. 18 ಡೆಸಿಬೆಲ್ ಅಂದ್ರೆ ಏನ್ ಮಹಾ ಅನ್ನಿಸಬಹುದು. ಲೆಕ್ಕ ಹಾಕಿದರೆ 60 ಪಟ್ಟು ಶಕ್ತಿ. ಅಲ್ಲಿ 60 ವ್ಯಾಟ್ ಮಾಡೋ ಕೆಲಸ ಇಲ್ಲಿ ಒಂದೇ ವ್ಯಾಟ್.

ಬರೀ ಜೋರು ಅಂತಲ್ಲ. ಕೋನ್ ಹೆಚ್ಚು ಅಲುಗಾಡದೆ ಕೆಲಸ ಆಗೋದ್ರಿಂದ ಸದ್ದು ಕೆಡೋದು ಕಡಿಮೆ. ಹಾರ್ನ್ ಇಷ್ಟಪಡೋರು ‘ಸಲೀಸು’ ಅನ್ನೋ ಮಾತು ಬಳಸೋದು ಇದಕ್ಕೇ. ತವಿಲ್ ಮೇಲೆ ಕೋಲು ಬಿದ್ದ ಆ ಕ್ಷಣದ ಏಟು ಇದೆಯಲ್ಲ, ಅದು ಅಷ್ಟೇ ವೇಗದಲ್ಲಿ ಬರುತ್ತೆ. ಕೆಟ್ಟದಾಗಿ ಮಾಡಿದ ಹಾರ್ನ್ ಮಾತ್ರ ಎಲ್ಲದಕ್ಕೂ ತನ್ನದೇ ಬಣ್ಣ ಬಳಿಯುತ್ತೆ, ಕೊಳವೆಯೊಳಗಿಂದ ಮಾತಾಡಿದ ಹಾಗೆ. ಹಾರ್ನ್ ದ್ವೇಷಿಗಳು ಹೇಳೋದೂ ಸುಳ್ಳಲ್ಲ.

ಭಾಗ 7

ಹಾಗಾದರೆ ಎಲ್ಲರ ಮನೆಯಲ್ಲೂ ಹಾರ್ನ್ ಯಾಕಿಲ್ಲ?

ಒಂದು, 1925ರಲ್ಲೇ ರೈಸ್ ಮತ್ತು ಕೆಲ್ಲಾಗ್ ಅನ್ನೋ ಇಬ್ಬರು ಎಂಜಿನಿಯರ್‌ಗಳು ಹಾರ್ನ್ ಇಲ್ಲದೆ ನೇರವಾಗಿ ಗಾಳಿ ತಳ್ಳೋ ಕೋನ್ ಸ್ಪೀಕರ್ ವಿವರಿಸಿದ್ರು. ಇವತ್ತು ನಾವು ನೋಡೋ ಬಹುತೇಕ ಎಲ್ಲ ಸ್ಪೀಕರ್ ಅದರ ಮಕ್ಕಳು ಮೊಮ್ಮಕ್ಕಳು. ಶಕ್ತಿ ಪೋಲಾಗುತ್ತೆ, ಆದರೆ ಡಬ್ಬ ಚಿಕ್ಕದು. ಎರಡು, 1954ರಲ್ಲಿ ಎಡ್ಗರ್ ವಿಲ್ಚರ್ ಪುಸ್ತಕದ ಕಪಾಟಿನ ಹತ್ತಿರ ಇಡಬಹುದಾದ ಪುಟ್ಟ ಪೆಟ್ಟಿಗೆಯಿಂದಲೂ ಆಳದ ಬೇಸ್ ತೆಗೆದು ತೋರಿಸಿದ. ಅದಕ್ಕೆ ವ್ಯಾಟ್ ಜಾಸ್ತಿ ಬೇಕು. ಟ್ರಾನ್ಸಿಸ್ಟರ್ ಬಂದ ಮೇಲೆ ವ್ಯಾಟ್ ಕಡಲೆಪುರಿ ಥರ ಅಗ್ಗ ಆಯ್ತು. ಬಡತನವೇ ಹೋದ ಮೇಲೆ ಅದಕ್ಕೆ ಹುಟ್ಟಿದ ಉಪಾಯ ಯಾರಿಗೆ ಬೇಕು?

ಮೂರನೆಯದು ನನಗೆ ಇಷ್ಟವಾದ ಕಾರಣ: ಸ್ಟೀರಿಯೋ. 1958ರ ಹೊತ್ತಿಗೆ ಸ್ಟೀರಿಯೋ ರೆಕಾರ್ಡುಗಳು ಅಂಗಡಿಗೆ ಬಂದವು. ಒಂದು ಸ್ಪೀಕರಿದ್ದ ಕಡೆ ಎರಡು ಬೇಕು. ಅಂದ್ರೆ ಎರಡು ಖಾಲಿ ಮೂಲೆ, ಅದೂ ಒಂದೇ ಗೋಡೆಯ ಎರಡು ತುದಿಯಲ್ಲಿ. ಯಾವ ಮನೆಯಲ್ಲಿದೆ ಹೇಳಿ? ಒಂದು ಮೂಲೆಯಲ್ಲಿ ಬಾಗಿಲು, ಇನ್ನೊಂದರಲ್ಲಿ ಬೀರು. ಎರಡೂ ಮೂಲೆ ದೂರವಾದ್ರೆ ಮಧ್ಯದಲ್ಲಿ ಸದ್ದು ಖಾಲಿ. ಕ್ಲಿಪ್ಷ್ ಅದಕ್ಕೆ ಮಧ್ಯದಲ್ಲಿಡೋಕೆ ಇನ್ನೊಂದು ಸಣ್ಣ ಸ್ಪೀಕರ್ ಮಾಡಿದ. ಮೂಲೆಯೇ ದೇವರು ಅಂತಿದ್ದವನು ಮೂಲೆ ಬೇಡದ ಸ್ಪೀಕರ್ ಮಾಡಿದನಲ್ಲ, ಅದಕ್ಕೆ ಇಟ್ಟ ಹೆಸರು ‘ಹೆರೆಸಿ’, ಅಂದ್ರೆ ಧರ್ಮದ್ರೋಹ! ತನ್ನನ್ನ ತಾನೇ ಗೇಲಿ ಮಾಡಿಕೊಳ್ಳೋ ಕಂಪನಿ ಮಾಲೀಕರು ಈಗ ಕಮ್ಮಿ.

ಜೆಬಿಎಲ್ ಬೇರೆ ದಾರಿ ಹಿಡೀತು. 1957ರ ಪ್ಯಾರಗಾನ್: ಎರಡೂ ಚಾನೆಲ್ಲನ್ನ ಒಂದೇ ಮರದ ಪೀಠೋಪಕರಣದಲ್ಲಿ ಸೇರಿಸಿ, ಮುಂದೆ ಬಿಲ್ಲಿನ ಹಾಗೆ ಬಾಗಿದ ಮರದ ಫಲಕ. ಸದ್ದು ಆ ಫಲಕಕ್ಕೆ ತಾಗಿ ಇಡೀ ಕೋಣೆಗೆ ಹರಡುತ್ತೆ. ಅಗಲ ಸುಮಾರು ಎಂಟೂವರೆ ಅಡಿ. 1983ರವರೆಗೆ ಒಟ್ಟು ಸುಮಾರು ಒಂದು ಸಾವಿರ ಮಾಡಿದ್ರು, ಎಲ್ಲವೂ ಹೆಚ್ಚಾಗಿ ಕೈಕೆಲಸ. ಫೋಟೋ 7 ಅದೇ. ಸ್ಪೀಕರ್ ಅಂತ ಹೇಳದಿದ್ರೆ ನಮ್ಮಜ್ಜಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಸಾಲಾಗಿ ಇಟ್ಟುಬಿಡ್ತಾರೆ.

ಭಾಗ 8

ಅಮೆರಿಕ ಬಿಸಾಕಿದ್ದನ್ನ ಎತ್ತಿಕೊಂಡಿದ್ದು ಜಪಾನ್.

ಯುದ್ಧ ಮುಗಿದ ಮೇಲಿನ ಜಪಾನಿನಲ್ಲಿ ವಿದೇಶಿ ಜಾಝ್ ರೆಕಾರ್ಡ್ ಒಂದನ್ನ ಕೊಳ್ಳೋದು ಸಾಮಾನ್ಯ ಸಂಬಳದವರಿಗೆ ಆಗದ ಮಾತು. ಹಾಗಾಗಿ ‘ಜಾಝ್ ಕಿಸ್ಸಾ’ ಅನ್ನೋ ಕಾಫಿ ಅಂಗಡಿಗಳು ಬೆಳೆದವು. ಒಂದು ಕಪ್ ಕಾಫಿ ತಗೊಳ್ಳಿ, ಗಂಟೆಗಟ್ಟಲೆ ಕೂತು ಕೇಳಿ. ಎಷ್ಟೋ ಕಡೆ ಮಾತಾಡೋಕೂ ಇಲ್ಲ. ಮಾಲೀಕ ಇದ್ದಬದ್ದ ದುಡ್ಡೆಲ್ಲ ಹಾಕಿ ಜೆಬಿಎಲ್ಲೋ ಅಲ್ಟೆಕ್ಕೋ ತರಿಸಿರ್ತಿದ್ದ. ಇಚಿನೋಸೆಕಿ ಅನ್ನೋ ಊರಿನಲ್ಲಿ ಶೋಜಿ ಸುಗವಾರ 1970ರಲ್ಲಿ ತೆರೆದ ‘ಬೇಸೀ’ ಅಂಥದ್ದರಲ್ಲಿ ಹೆಸರಾದದ್ದು. ನನಗೆ ಲಂಡನ್ನಿನ ಮ್ಯೂಸಿಯಂ ನೆನಪಾಗುತ್ತೆ ಇಲ್ಲಿ: ಒಬ್ಬನಿಗೆ ಎಟುಕದ ಸ್ಪೀಕರ್, ಹತ್ತು ಜನ ಸೇರಿದರೆ ಎಟುಕುತ್ತೆ.

ಮನೆಯಲ್ಲಿ ಕಟ್ಟೋ ಹುಚ್ಚು ಕೂಡ ಅಲ್ಲೇ ಜಾಸ್ತಿ. 1924ರಿಂದ ಬರ್ತಿರೋ ‘ಮುಸೆನ್ ತೊ ಜಿಕ್ಕೆನ್’ (ರೇಡಿಯೋ ಮತ್ತು ಪ್ರಯೋಗ ಅಂತ ಅರ್ಥ) ಪತ್ರಿಕೆಯನ್ನ ಓದ್ತಾ ಜನ ತಾವೇ ವಾಲ್ವ್ ಆಂಪ್ಲಿಫೈಯರ್ ಬೆಸುಗೆ ಹಾಕಿದ್ರು. ವೆಸ್ಟರ್ನ್ ಎಲೆಕ್ಟ್ರಿಕ್‌ನ 300ಬಿ ಅನ್ನೋ ಹಳೇ ವಾಲ್ವ್ ಒಂದರಿಂದ ಸಿಗೋದು ಸುಮಾರು 8 ವ್ಯಾಟ್. ಅಷ್ಟೇ ವ್ಯಾಟಿಗೆ ಜೋರಾಗಿ ಹಾಡೋ ಸ್ಪೀಕರ್ ಬೇಕಲ್ಲ? ಮತ್ತೆ ಹಾರ್ನೇ ಗತಿ. ಬಡತನವನ್ನ ಈ ಸಲ ಅವರೇ ಬೇಕಂತ ತಂದುಕೊಂಡ್ರು, ಸದ್ದಿನ ರುಚಿಗಾಗಿ. ಕೆಲವರು ಬೇಸ್ ಹಾರ್ನನ್ನ ಮನೆ ಕಟ್ಟುವಾಗಲೇ ಕಾಂಕ್ರೀಟಿನಲ್ಲಿ ನೆಲದಡಿಗೆ ಎರಕ ಹೊಯ್ಸಿದ್ರು. ಮನೆ ಮಾರಿದರೆ ಸ್ಪೀಕರೂ ಹೋಯ್ತು!

ಜಪಾನಿನ ಈ ರುಚಿಯನ್ನ ಯುರೋಪಿಗೆ ಹೊತ್ತೊಯ್ದವರಲ್ಲಿ ಮುಖ್ಯ ಜಾನ್ ಹಿರಾಗಾ; 1977ರಲ್ಲಿ ಶುರುವಾದ ಫ್ರೆಂಚ್ ಪತ್ರಿಕೆ ‘ಲೋಡಿಯೋಫೀಲ್’ ಮೂಲಕ. ಹಳೇ ಥಿಯೇಟರುಗಳ ಪರದೆ ಹಿಂದೆ ಧೂಳು ತಿಂತಿದ್ದ ಮರದ ಬಸವನಹುಳುಗಳಿಗೆ ಆಮೇಲೆ ಬಂಗಾರದ ಬೆಲೆ ಬಂತು. ಬಹಳಷ್ಟು ಜಪಾನ್, ಕೊರಿಯಾ ಸೇರಿದವು. ಸಿಯೋಲಿನಲ್ಲಿ 2024ರಲ್ಲಿ ತೆರೆದ ‘ಆಡಿಯಂ’ ಅನ್ನೋ ಆಡಿಯೋ ಮ್ಯೂಸಿಯಂನಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್‌ನ ಆ ಕಾಲದ ಹಾರ್ನ್‌ಗಳನ್ನ ಹಾಡಿಸಿ ಕೇಳಿಸ್ತಾರೆ. ಕೆ-ಪಾಪ್‌ಗೆ ಅಂತ ಕೊರಿಯಾಕ್ಕೆ ಹೋಗೋ ಪ್ಲಾನ್ ಇರೋರು ಲಿಸ್ಟಿಗೆ ಸೇರಿಸ್ಕೊಳ್ಳಿ.

ಭಾಗ 9

ಇವತ್ತು ಕೋಟಿ ರೂಪಾಯಿ ದಾಟೋ ಹಾರ್ನ್ ಸ್ಪೀಕರುಗಳಿವೆ. ಅವುಗಳ ಫೋಟೋ ನಾನು ಹಾಕಿಲ್ಲ, ಹಾಕೋದೂ ಇಲ್ಲ. ನನ್ನ ಮಟ್ಟಿಗೆ ಕನಸಿನ ಸ್ಪೀಕರ್ ಅಂದ್ರೆ ಬಡಗಿಯ ಹತ್ತಿರ ಅರ್ಧ ಹಲಗೆ ಕೇಳಿ ತಂದು ಶುರುಮಾಡಬಹುದಾದದ್ದು.

ಅದಕ್ಕೆ ದಾರಿ ಮಾಡಿದವರಲ್ಲಿ ಬ್ರೂಸ್ ಎಡ್ಗರ್ ಒಬ್ಬ. ವೃತ್ತಿಯಲ್ಲಿ ಬಾಹ್ಯಾಕಾಶ ಕ್ಷೇತ್ರದ ವಿಜ್ಞಾನಿ, ರಜೆಯಲ್ಲಿ ಹಾರ್ನ್ ಬಡಗಿ. 1980ರ ದಶಕದಲ್ಲಿ ಅಮೆರಿಕದ ‘ಸ್ಪೀಕರ್ ಬಿಲ್ಡರ್’ ಪತ್ರಿಕೆಯಲ್ಲಿ ಅವನು ಬರೆದ ಲೇಖನಗಳು ವಾಯ್ಟ್‌ನ ಮರೆತುಹೋಗಿದ್ದ ಟ್ರಾಕ್ಟ್ರಿಕ್ಸ್ ರೇಖೆಯನ್ನ ಮನೆಯ ಗ್ಯಾರೇಜಿಗೆ ತಂದವು. ಆ ರೇಖೆಯ ಹಾರ್ನ್ ಅದೇ ಕೆಲಸದ ಎಕ್ಸ್‌ಪೊನೆನ್ಷಿಯಲ್‌ಗಿಂತ ಗಿಡ್ಡ, ಬಾಯಿಯ ಹತ್ತಿರ ಬೇಗ ಅರಳುತ್ತೆ. ಬೇಸಿಗೆ ಅಲ್ಲ, ಮಧ್ಯದ ಸ್ವರಗಳಿಗೆ. ಹಾಡುಗಾರರ ಗಂಟಲು, ಕೊಳಲು, ಪಿಟೀಲು ಎಲ್ಲ ಇರೋದು ಅಲ್ಲೇ.

ಮತ್ತೆ ಕ್ಯಾಲ್ಕ್ಯುಲೇಟರ್. ಎಕ್ಸ್‌ಪೊನೆನ್ಷಿಯಲ್ ಲೆಕ್ಕದಲ್ಲೇ ನೋಡೋಣ, ಅದು ಸುಲಭ. 300 ಹರ್ಟ್ಸ್‌ಗೆ ಬಾಯಿಯ ಅಗಲ ಸುಮಾರು 36 ಸೆಂಟಿಮೀಟರ್. ಎರಡೂವರೆ ಸೆಂಟಿಮೀಟರ್ ಗಂಟಲಿನಿಂದ ಉದ್ದ ಸುಮಾರು 49 ಸೆಂಟಿಮೀಟರ್. ಪ್ರತಿ 6.3 ಸೆಂಟಿಮೀಟರಿಗೆ ವಿಸ್ತೀರ್ಣ ಎರಡರಷ್ಟು. ಇದು ನಿಮ್ಮ ಓದೋ ಮೇಜಿನ ಮೇಲೆ ಕೂರುತ್ತೆ.

ಮಾಡೋ ಬಗೆ ಎರಡು. ಪ್ಲೈವುಡ್ಡಿನಲ್ಲಿ ಉಂಗುರಗಳನ್ನ ಕತ್ತರಿಸಿ, ಒಂದಕ್ಕಿಂತ ಒಂದು ದೊಡ್ಡದಾಗಿ ಮೇಲೆ ಮೇಲೆ ಅಂಟಿಸಿ, ಒಳಗಿನ ಮೆಟ್ಟಿಲುಗಳನ್ನ ಉಪ್ಪುಕಾಗದದಿಂದ ಉಜ್ಜಿ ನಯ ಮಾಡೋದು. ತಾಳ್ಮೆ ಬೇಕು; ಧೂಳು ವಿಪರೀತ, ಮೂಗಿಗೆ ಮಾಸ್ಕ್ ಹಾಕ್ಕೊಳ್ಳಿ. ಇಲ್ಲ, ನಾಲ್ಕು ಬಾಗಿದ ಹಲಗೆ ಸೇರಿಸಿದ ಚೌಕದ ಹಾರ್ನ್. ಉಂಗುರದ ಹಾರ್ನ್ ಆದ್ರೆ ಗಂಟಲಿನ ಹತ್ತಿರ ಒಂದು ಮಿಲಿಮೀಟರ್ ತಪ್ಪಿದರೂ ಕೇಳಿಸುತ್ತೆ, ಬಾಯಿಯ ಹತ್ತಿರ ಒಂದು ಸೆಂಟಿಮೀಟರ್ ಹೋದ್ರೂ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಸಹನೆಯನ್ನೆಲ್ಲ ಗಂಟಲಿಗೆ ಉಳಿಸಿಕೊಳ್ಳಿ.

ಯಾವ ಮರ ಅಂತ ತುಂಬಾ ಜನ ಕೇಳಿದ್ದೀರಿ. ವೀಣೆಗೆ ಹಲಸಿನ ಮರ ಬೇಕು, ಯಾಕಂದ್ರೆ ವೀಣೆಯ ಮೈ ಹಾಡಬೇಕು. ಹಾರ್ನ್ ಅದಕ್ಕೆ ಪೂರ್ತಿ ವಿರುದ್ಧ. ಅದರ ಮೈ ಮೂಕ ಆಗಿರಬೇಕು. ಹಾಡಬೇಕಾದ್ದು ಒಳಗಿನ ಗಾಳಿ ಮಾತ್ರ. ತೆಳು ತಗಡು ಗುಂಯ್ ಅನ್ನುತ್ತೆ, ದಪ್ಪ ಪ್ಲೈವುಡ್ ಅನ್ನಲ್ಲ. ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿ: ‘ಟಣ್’ ಅಂದ್ರೆ ಬೇಡ, ‘ಡುಬ್’ ಅಂದ್ರೆ ಸರಿ. ದುಬಾರಿ ತೇಗ, ಬೀಟೆ ಎಲ್ಲ ಕಣ್ಣಿಗೆ ಚೆಂದ, ಕಿವಿಗೆ ಏನೂ ಕೊಡಲ್ಲ.

ಇನ್ನೊಂದು ಮಾತು. ಹಾರ್ನಿಗೆ ಸಿಕ್ಕಿಸೋ ಕಂಪ್ರೆಷನ್ ಡ್ರೈವರ್ ಕೆಪಾಸಿಟರ್ ಇಲ್ಲದೆ ನೇರ ಆಂಪ್ಲಿಫೈಯರಿಗೆ ಕೊಟ್ಟರೆ ಕೆಳಗಿನ ಸ್ವರಗಳು ಅದರ ತೆಳು ಪೊರೆಯನ್ನ ಹರಿದುಬಿಡುತ್ತವೆ. ಮತ್ತೆ ದಯವಿಟ್ಟು ಹಾರ್ನಿನ ಬಾಯಿಗೆ ಕಿವಿ ಇಟ್ಟು ಟೆಸ್ಟ್ ಮಾಡಬೇಡಿ, ಒಂದು ವ್ಯಾಟ್ ಏನ್ ಮಾಡುತ್ತೆ ಅಂತ ಭಾಗ 6ರಲ್ಲಿ ಓದಿದ್ದೀರಿ. ವಾಲ್ಯೂಮ್ ಸೊನ್ನೆಯಿಂದ ಶುರುಮಾಡಿ.

49 ಸೆಂಟಿಮೀಟರ್ ಹಾರ್ನಿನ ಪ್ರತಿ ಉಂಗುರದ ವ್ಯಾಸ ಕೊನೇ ಫೋಟೋದ ಪಟ್ಟಿಯಲ್ಲಿದೆ, ಸೇವ್ ಮಾಡ್ಕೊಳ್ಳಿ. ಕಾಲೇಜ್ ವರ್ಕ್‌ಶಾಪಿನಲ್ಲಿ ಪ್ಲೈವುಡ್ ಕತ್ತರಿಸೋಕೆ ಯಾರಿಗಾದ್ರೂ ಪರ್ಮಿಷನ್ ಸಿಕ್ಕಿದ್ರೆ ಮೆಸೇಜ್ ಮಾಡಿ. ಅಂಟು ನಾನು ತರ್ತೀನಿ.

#ಕನ್ನಡ #ಇತಿಹಾಸ #ಹಾರ್ನ್‌ಸ್ಪೀಕರ್ #ಮರಗೆಲಸ